ವಿಜಯನ ವಿಮಾನಕ್ಕೆ ಒಂದೂಕಾಲು ಗಜ ರೇಷ್ಮೆ

ವಿಜಯ ಮೊದಲ ಸಲ ಅನಸವ್ವನ ಬಾಗಿಲಿಗೆ ಬಂದಾಗ ಅವನ ಕೈಯಲ್ಲಿ ಒಂದು ತಕ್ಕಡಿ ಇತ್ತು. ಬಂಗಾರದ ಅಂಗಡಿಯವರು ಇಟ್ಟುಕೊಳ್ಳುವಂಥದ್ದು. ಅಂಗೈಯಗಲ, ಬ್ಯಾಟರಿ ಸೆಲ್ಲಿನ ಮೇಲೆ ನಡೆಯುವಂಥದ್ದು. ದೀಪಾವಳಿ ಮುಗಿದು ವಾರವಾಗಿತ್ತು. ರಬಕವಿಯ ಆ ಓಣಿಯಲ್ಲಿ ಎರಡೂ ಬದಿಯ ಪಾವರ್‌ಲೂಮುಗಳು ಮುಂಜಾನೆ ಏಳಕ್ಕೇ ಖಟಖಟ ಶುರು ಮಾಡಿದ್ದವು. ಅನಸವ್ವ ತನ್ನ ಕುಣಿಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು, ಹರಿದ ಎಳೆಯೊಂದರ ತುದಿ ಹುಡುಕುತ್ತಿದ್ದಳು.

"ಆಯಿ, ರೇಷ್ಮಿ ಬಟ್ಟಿ ಬೇಕಾಗಿತ್ತರಿ," ಅಂದ ಬಾಗಿಲಲ್ಲಿ ನಿಂತವನು.

"ಎಷ್ಟು ಗಜ?"

"ಗಜ ಆಮ್ಯಾಲೆ ಹೇಳ್ತೇನ್ರಿ. ಮೊದ್ಲ ತೂಕ ನೋಡ್ಬೇಕು."

ಅನಸವ್ವ ಎಳೆ ಬಿಟ್ಟು ತಲೆ ಎತ್ತಿದಳು. ಎಪ್ಪತ್ತೆರಡು ವರ್ಷದ ಬಾಳಿನಲ್ಲಿ ಅಂಚು ನೋಡಿ ಬಟ್ಟೆ ಕೊಂಡವರನ್ನು ಕಂಡಿದ್ದಳು, ಮುಷ್ಟಿಯಲ್ಲಿ ಹಿಸುಕಿ ನೋಡಿ ಕೊಂಡವರನ್ನೂ ಕಂಡಿದ್ದಳು. ತಕ್ಕಡಿ ಹಿಡಿದು ಬಂದವನನ್ನು ಕಂಡಿರಲಿಲ್ಲ.

"ಬಟ್ಟಿ ತೂಗಾವ್ರು ಗುಜರಿಯವ್ರು. ಹಳೇ ಸೀರಿ ಬೇಕಾಗಿದ್ರ ಹಿಂದಿನ ಓಣಿಗೆ ಹೋಗಪಾ."

"ಗುಜರಿ ಅಲ್ರಿ ಆಯಿ. ವಿಮಾನಕ್ಕ ಹಚ್ಚಾಕ."

"ಯಾವುದಕ್ಕ?"

"ವಿಮಾನಕ್ಕರಿ. ಸಣ್ಣದು. ನೆಲದ ಮ್ಯಾಲ ನಿಂತು ರಿಮೋಟ್‌ನಾಗ ಹಾರಸೂದು. ರೆಕ್ಕಿ ಬಾಲ್ಸಾ ಅಂತ ಹಗುರ ಕಟ್ಟಿಗಿದು, ಒಳಗ ಬರೇ ಎಲುಬು. ಮ್ಯಾಲ ಚರ್ಮ ಬೇಕಲ್ರಿ? ಪ್ಲಾಸ್ಟಿಕ್ ಹಾಳಿ ತರಿಸಿದ್ದೆ. ನಮ್ಮ ಕಡೆ ಬಿಸಲಿಗೆ ಅದು ಸುಕ್ಕು ಬೀಳತೈತಿ. ಮೊದಲಿನ ಕಾಲದಾಗ ರೇಷ್ಮಿನ ಹಚ್ಚತಿದ್ರಂತ."

ಆಗ ಅವಳು ಅವನ ಮುಖವನ್ನು ಸರಿಯಾಗಿ ನೋಡಿದಳು. ನಲವತ್ತೈದರ ಆಸುಪಾಸಿನ ಗಂಡಸು, ಕೆನ್ನೆ ಒಳಕ್ಕೆ ಹೋಗಿದೆ, ಎಡಗಣ್ಣಿನ ಗುಡ್ಡೆ ಮೊಸರಿನ ಹಾಗೆ ಬೆಳ್ಳಗಿದೆ. ಹೆಸರು ಕೇಳದೆಯೇ ಅವಳಿಗೆ ಗೊತ್ತಾಯಿತು. ಮೂರು ವರ್ಷದ ಹಿಂದೆ ಬನಹಟ್ಟಿಯ ಒಂದು ಶೆಡ್ಡಿನಲ್ಲಿ ಓಡುವ ಮಗ್ಗದಿಂದ ಲಾಳಿ ಸಿಡಿದು ಮಗ್ಗ ರಿಪೇರಿಯವನ ಕಣ್ಣಿಗೆ ಬಡಿದ ಸುದ್ದಿ ಎರಡೂ ಊರಲ್ಲಿ ಓಡಾಡಿತ್ತು. ಆ ಮೇಲೆ ಅವನು ಮಗ್ಗ ಮುಟ್ಟಿಲ್ಲ, ಭಾವಮೈದುನನ ಝೆರಾಕ್ಸ್ ಅಂಗಡಿಯಲ್ಲಿ ಕೂಡುತ್ತಾನೆ ಎಂದೂ ಕೇಳಿದ್ದಳು.

"ಒಳಗ ಬಾ," ಅಂದಳು. "ಚಪ್ಪಲಿ ಅಲ್ಲೇ ಬಿಡು."

ಅವಳ ಹತ್ತಿರ ಕೆಂಪು ರೇಷ್ಮೆಯ ಒಂದು ತುಂಡು ಉಳಿದಿತ್ತು. ಹೋದ ವರ್ಷ ಯಾರೋ ತೆಳು ಮೇಲ್ವಸ್ತ್ರ ಹೇಳಿ ನೇಯಿಸಿದ್ದರಲ್ಲಿ ಮಿಕ್ಕದ್ದು. ಒಂದೂಕಾಲು ಗಜ, ಅಂದರೆ ಐದು ಗೇಣು ಉದ್ದ, ಐದು ಗೇಣು ಅಗಲ. ಅವನು ತುಂಡನ್ನು ಮಡಚಿ ತಕ್ಕಡಿಯ ಮೇಲಿಟ್ಟು ಬಗ್ಗಿ ನೋಡಿದ. ಅನಸವ್ವ ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರ ಕೂಡಿಸಿ ಓದಬೇಕಾದರೆ ತಡವಾಗುತ್ತಿತ್ತು, ಅಂಕಿ ಮಾತ್ರ ತಟ್ಟನೆ ಹತ್ತುತ್ತಿತ್ತು. ನಲವತ್ತೊಂದು ಎಂದು ಅವನಿಗಿಂತ ಮೊದಲು ಅವಳೇ ಓದಿದಳು.

"ನಲವತ್ತೊಂದು ಗ್ರಾಂ!" ಅಂದ ವಿಜಯ. "ಇದಕ್ಕಿಂತ ಛಲೋ ಎಲ್ಲಿ ಸಿಗತೈತ್ರಿ?"

ಅವನ ಮನೆ ಎರಡು ಓಣಿ ಆಚೆಗಿತ್ತು. ಮರುದಿನ ಅಳತೆ ನೋಡಲು ಅವಳೇ ಹೋದಳು. ಅವನ ಹೆಂಡತಿ ಉಜ್ವಲಾ ಬಾಗಿಲಲ್ಲೇ ಎದುರಾಗಿ, "ಬರ್ರಿ ಆಯಿ, ಬರ್ರಿ. ನಮ್ಮ ಮನ್ಯಾಗ ಮಂಚದ ಮ್ಯಾಲ ವಿಮಾನ ಮಲಗತೈತಿ, ಮಂದಿ ನೆಲದ ಮ್ಯಾಲ ಮಲಗತೀವಿ," ಅಂದಳು. ಸುಳ್ಳಲ್ಲ. ಮಂಚದ ಮೇಲೆ ವಿಮಾನದ ಒಡಲು ಇತ್ತು. ಒಡಲು, ಬಾಲ ಎರಡಕ್ಕೂ ತೆಳು ಹಲಗೆ ಹೊದಿಸಿದ್ದ. ರೆಕ್ಕೆ ಮಾತ್ರ ಬರಿಯ ಅಸ್ಥಿ. ಒಂದೊಂದು ಬದಿಗೆ ಒಂಬತ್ತು ಪಕ್ಕೆಲುಬು, ಒಂದೊಂದನ್ನೂ ಬ್ಲೇಡಿನಿಂದ ಕೊಯ್ದು ಅಂಟಿನಿಂದ ಕೂಡಿಸಿದ್ದು. ರೆಕ್ಕೆಯ ಹಿಂದಿನ ಅಂಚಿಗೆ ಮೇಲೆ ಕೆಳಗೆ ಆಡುವ ಪಟ್ಟಿ, ಪಟ್ಟಿಗೆ ತಂತಿ, ತಂತಿಗೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ಮೋಟರು. ಅನಸವ್ವ ಒಂದು ಪಕ್ಕೆಲುಬನ್ನು ಬೆರಳಿಂದ ಸವರಿ ನೋಡಿದಳು. ಎಲ್ಲಿಯೂ ಒರಟಿಲ್ಲ. ಇಂಥ ಕೈ ಝೆರಾಕ್ಸ್ ಮಷೀನಿನ ಗುಂಡಿ ಒತ್ತುತ್ತ ಕೂತಿದೆಯಲ್ಲ ಅನಿಸಿತು.

"ಇದು ಹೆಂಗ ಹಾರತೈತಿ?"

"ಪಲ್ಟಿ ಹೊಡಿತೈತ್ರಿ. ತಲಿಕೆಳಗ ಮಾಡಿದ್ರ ತಲಿಕೆಳಗ ಹೊಕ್ಕೈತಿ. ಮೊದ್ಲ ನನ್ಹಂತ್ಯಾಕ ಥರ್ಮಾಕೋಲಿನವು ಇದ್ದುವು. ಅವು ಹೆಂಗ ಬಿಟ್ರೂ ತಮ್ಮಷ್ಟಕ್ಕ ತಾವ ನೆಟ್ಟಗಾಕ್ಕಾವ. ಅದರಾಗ ನನ್ನ ಪರೀಕ್ಷಾ ಏನ್ ಬಂತು? ಇದು ಹಂಗಲ್ಲ. ನಾ ಎಲ್ಲಿ ಇಡತೇನಿ ಅಲ್ಲೇ ಇರತೈತಿ. ನನ್ನ ಕಣ್ಣು ತಪ್ಪಿದ್ರ ನೆಲಕ್ಕ ಹೊಡಿತೈತಿ."

"ಪರೀಕ್ಷಾ ಯಾಕಪಾ?"

ಉಜ್ವಲಾ ಹೇಳಿದಳು. ಬನಹಟ್ಟಿಯ ಗುರುಸಿದ್ದ ಸಾವ್ಕಾರನ ಶೆಡ್ಡಿನಲ್ಲಿ ಇಪ್ಪತ್ತನಾಲ್ಕು ಮಗ್ಗ. ರಿಪೇರಿಗೆ ಇಟ್ಟುಕೊಂಡವರು ಮೂವರು ಬಂದು ಮೂವರೂ ಹೋಗಿದ್ದಾರೆ. ಸಾವ್ಕಾರ ಮೂರು ಸಲ ಮನೆಗೆ ಬಂದು, ನೀನೇ ಬಾ ಎಂದು ಕರೆದಿದ್ದಾನೆ. ಇವನಿಗೆ ಮಗ್ಗದ ಮೇಲೇ ಜೀವ. ಆದರೆ ಓಡುವ ಮಗ್ಗದೊಳಗೆ ಕೈ ಹಾಕಬೇಕಾದರೆ ಲಾಳಿ ಒಂದು ಗೇಣು ದೂರ ಇದೆಯೋ ನಾಲ್ಕು ಬೆರಳು ದೂರ ಇದೆಯೋ ತಿಳಿಯಬೇಕು. ಒಂದೇ ಕಣ್ಣಿಗೆ ಅದು ತಿಳಿಯುತ್ತದೆಯೋ ಇಲ್ಲವೋ ಎಂಬ ಅಂಜಿಕೆ. ಅದಕ್ಕೇ ಸಾವ್ಕಾರನಿಗೆ ಮಾತು ಕೊಟ್ಟಿದ್ದಾನೆ: ವಿಮಾನ ಹಾರಿಸಿ, ಪಲ್ಟಿ ಹೊಡೆಸಿ, ನಿಂತ ಜಾಗದ ಮುಂದೆ ಇಡಿಯಾಗಿ ಇಳಿಸಿದರೆ ಉಗಾದಿಗೆ ಶೆಡ್ಡಿಗೆ ಬರುತ್ತೇನೆ. ಇಲ್ಲವಾದರೆ ಇನ್ನೆಂದೂ ಕರೆಯಬೇಡಿ.

"ಕಣ್ಣಿನ ಡಾಕ್ಟರ್ ಹೇಳಿದ್ರ ನಂಬೂದಿಲ್ಲ, ಹೆಂಡ್ತಿ ಹೇಳಿದ್ರ ನಂಬೂದಿಲ್ಲ," ಅಂದಳು ಉಜ್ವಲಾ. "ಕಟ್ಟಿಗಿ ಹಕ್ಕಿ ಹೇಳ್ಬೇಕು."

ಅನಸವ್ವ ಅಳತೆ ತೆಗೆದುಕೊಂಡಳು. ಎಡ ರೆಕ್ಕೆಗೆ ಮೇಲೊಂದು ಕೆಳಗೊಂದು, ಬಲ ರೆಕ್ಕೆಗೆ ಮೇಲೊಂದು ಕೆಳಗೊಂದು, ಒಟ್ಟು ನಾಲ್ಕು ತುಂಡು. ಒಂದೊಂದೂ ಮೂರು ಗೇಣು ಉದ್ದ, ಒಂದೂವರೆ ಗೇಣು ಅಗಲ.

ಮನೆಗೆ ಬಂದು ಬಟ್ಟೆ ಹಾಸಿ ಕತ್ತರಿ ತೆಗೆದಳು. ಹಾಸಿನ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ, ಎಳೆಯ ಗುಂಟ ಒಂದರ ಪಕ್ಕ ಒಂದರಂತೆ ಮೂರು ತುಂಡು ಬಂದವು. ನಾಲ್ಕನೆಯದಕ್ಕೆ ಉದ್ದ ಸಾಲಲಿಲ್ಲ. ಕಡೆಯಲ್ಲಿ ಉಳಿದದ್ದು ಎರಡು ಗೇಣಿನ ಪಟ್ಟಿ, ಅಡ್ಡ ಐದು ಗೇಣು. ಅದೇ ರೇಷ್ಮೆಯ ಇನ್ನೊಂದು ಪೂರಾ ಗಜ ದೇವರ ಮಾಡದಲ್ಲಿತ್ತು. ಆದರೆ ಹೊಸ ಹಾಸು ಏರಿಸಿದಾಗ ಮಗ್ಗದಿಂದ ಇಳಿದ ಮೊದಲ ಗಜಕ್ಕೆ ಕತ್ತರಿ ತಾಕಿಸಬಾರದೆಂಬುದು ಅವಳ ಅತ್ತೆಯ ಕಾಲದಿಂದ ಆ ಮನೆಯ ರೂಢಿ, ಅದು ಬನಶಂಕರಿಯದು. ಅನಸವ್ವ ಮಾಡದ ಕಡೆ ಒಂದು ಸಲ ನೋಡಿ, ಪಟ್ಟಿಯ ಕಡೆ ಒಂದು ಸಲ ನೋಡಿ, ನಾಲ್ಕನೆಯ ತುಂಡನ್ನು ಅಡ್ಡಡ್ಡ ಕತ್ತರಿಸಿದಳು. ಮೂರರಲ್ಲಿ ಹಾಸು ಉದ್ದಕ್ಕೆ, ಒಂದರಲ್ಲಿ ಲಾಳಿ ಅಡ್ಡ ಹಾಯಿಸುವ ಹೊಕ್ಕು ಉದ್ದಕ್ಕೆ. ಸೀರೆಯಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಸೀರೆ ಮೈಮೇಲೆ ಜೋಲಿ ಬೀಳಬೇಕು, ನೆರಿಗೆ ನಿಲ್ಲಬೇಕು. ಇದನ್ನು ಯಾರು ಉಡುತ್ತಾರೆ? ಬಣ್ಣವೂ ಒಂದೇ, ಹೊಳಪೂ ಒಂದೇ. ನಾಲ್ಕನ್ನೂ ಮಡಚಿ ಮರುದಿನ ಕೊಟ್ಟು ಬಂದಳು. ಆ ಅಡ್ಡ ತುಂಡು ಎಡ ರೆಕ್ಕೆಯ ಕೆಳಬದಿಗೆ ಹೋಯಿತು.

ವಿಜಯ ಬಟ್ಟೆಯನ್ನು ಒದ್ದೆ ಮಾಡಿ ಹೊದಿಸಿ, ಒಣಗಿದ ಮೇಲೆ ಬಡಿಗರು ಬಾಗಿಲಿಗೆ ಹಚ್ಚುವ ಲ್ಯಾಕರನ್ನು ತೆಳ್ಳಗೆ ಮಾಡಿ ಬಳಿದ. ಒಂದು ಕೈ, ಎರಡು ಕೈ, ಮೂರು ಕೈ. ಪ್ರತಿ ಸಲ ಬಟ್ಟೆ ಬಿಗಿಯುತ್ತ ಹೋಗಿ ಕಡೆಗೆ ಹಲಗೆಯ ವಾದ್ಯದ ಹಾಗೆ ಆಯಿತು. ಬೆರಳಿಂದ ಬಡಿದರೆ ಟಣ್ ಅನ್ನುತ್ತಿತ್ತು. ಮೂರನೆಯ ಕೈ ಬಳಿದ ದಿನ ಅನಸವ್ವ ಅಲ್ಲೇ ಇದ್ದಳು. ವಿಜಯ ಎಡ ರೆಕ್ಕೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತುದಿಯಿಂದ ನೋಡಿದ. ಬಹಳ ಹೊತ್ತು ನೋಡಿದ. ಕೆಳಗಿಟ್ಟು, ಮತ್ತೆ ಎತ್ತಿ ನೋಡಿದ.

"ಏನಾತು?" ಅಂದಳು ಉಜ್ವಲಾ.

"ಏನಿಲ್ಲ," ಅಂದ. "ಛಲೋ ಆಗೇತಿ."

ಸಂಕ್ರಾಂತಿ ಕಳೆದ ಮೇಲೆ ಚಿಮ್ಮಡದ ಹಾದಿಯಲ್ಲಿ ಕಬ್ಬು ಕಡಿದ ಹೊಲದ ಪಕ್ಕ ಹಾರಿಸುವುದೆಂದು ಗೊತ್ತಾಯಿತು. ಹೊಲ ಗುರುಸಿದ್ದನದೇ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಅಲ್ಲಿ ನೆಲ ಒಂದು ಪಟ್ಟಿಯಷ್ಟು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಗಾಳಿ ಏಳುವ ಮೊದಲೇ ಆಗಬೇಕೆಂದು ಎಂಟರೊಳಗೆ ಸೇರಿದರು. ಆಟೋದ ಹಿಂದಿನ ಸೀಟಿನಲ್ಲಿ ಉಜ್ವಲಾ ಮತ್ತು ಅನಸವ್ವ ರೆಕ್ಕೆಗಳನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದರು. ಗುರುಸಿದ್ದ ಬೈಕಿನ ಮೇಲೆ ಬಂದವನು, ಅನಸವ್ವನನ್ನು ಕಂಡು ನಕ್ಕ.

"ಏನ್ ಯಕ್ಕಾ, ನೀವೂ ಪೈಲಟ್ಟ?"

"ನಾ ಸಿಂಪಗ್ಯಾಕಿ," ಅಂದಳು ಅನಸವ್ವ. "ವಿಮಾನದ ಕುಬಸಾ ಹೊಲದಾಕಿ."

ವಿಜಯ ರೆಕ್ಕೆ ಸಿಕ್ಕಿಸಿ, ಎರಡು ಬೆರಳ ತುದಿಯ ಮೇಲೆ ವಿಮಾನ ಎತ್ತಿ ತೂಕ ನಡುವಿಗಿದೆಯೇ ನೋಡಿ, ಪಟ್ಟಿಗಳನ್ನು ಆಡಿಸಿ ನೋಡಿ, ನೆಲಕ್ಕಿಟ್ಟ. ಮುಂದಿನ ಪಂಕ ತಿರುಗಿತು. ಹತ್ತು ಹನ್ನೆರಡು ಹೆಜ್ಜೆ ಓಡಿ ಅದು ಎದ್ದಿತು. ಏಳುತ್ತಲೇ ಎಡಕ್ಕೆ ವಾಲಿತು. ವಿಜಯ ಬಲಕ್ಕೆ ಎಳೆದ. ನೆಟ್ಟಗಾಯಿತು ಅನ್ನುವಷ್ಟರಲ್ಲಿ ಮತ್ತೆ ಎಡಕ್ಕೆ ಹೊರಳಿತು, ಈ ಸಲ ಪೂರಾ. ಕೆಂಪು ರೆಕ್ಕೆ ಆಕಾಶಕ್ಕೆ ಈಟಿಯ ಹಾಗೆ ನಿಂತು, ವಿಮಾನ ಕಬ್ಬಿನ ಕೂಳೆಯೊಳಗೆ ಹೋಗಿ ಬಿತ್ತು. ಕಟ್ಟಿಗೆ ಮುರಿದ ಸಪ್ಪಳ ಇವರಿಗೂ ಕೇಳಿಸಿತು. ಎಲ್ಲ ಸೇರಿ, ಒಂದು ಎಲೆ ಅಡಿಕೆ ಮಡಚುವಷ್ಟೂ ಹೊತ್ತಾಗಿರಲಿಲ್ಲ.

ವಿಜಯ ರಿಮೋಟನ್ನು ಕೊರಳಿಂದ ತೆಗೆದು ಹೆಂಡತಿಯ ಕೈಗೆ ಕೊಟ್ಟ.

"ಸಾವ್ಕಾರ್ರ, ನಿಮ್ಮ ಮುಂದ ಆತು," ಅಂದ. "ಇನ್ನ ಬ್ಯಾರೇದಾವ್ರನ್ನ ನೋಡ್ಕೋರಿ."

"ಲೇ ವಿಜ್ಯಾ, ಒಮ್ಮಿ ಬಿದ್ರ ಏನಾತಲೇ? ನಾ ಬೈಕ್ ಕಲಿಯೂ ಮುಂದ ಹನ್ನೊಂದು ಸಲ ಬಿದ್ದೇನಿ."

"ನಿಮಗ ನೆಲ ಎಲ್ಲೈತಿ ಅನ್ನೂದು ಕಾಣ್ತಿತ್ತರಿ," ಅಂದ ವಿಜಯ.

ಎಂಟು ದಿನದ ಮೇಲೆ ಉಜ್ವಲಾ ಅನಸವ್ವನ ಮನೆಗೆ ಬಂದಳು. ಕಂಕುಳಲ್ಲಿ ಎಡ ರೆಕ್ಕೆ. ತುದಿ ಮುರಿದು ಬಟ್ಟೆಯ ಮೇಲೆ ಜೋತಾಡುತ್ತಿತ್ತು.

"ಒಲಿಗೆ ಹಾಕು ಅಂದ್ರು. ಕಟ್ಟಿಗಿ ಹಾಕ್ತೇನಿ. ಬಟ್ಟಿ ನಿಮ್ಮ ಕೈದು, ಸುಡಾಕ ಮನಸ್ಸು ಬರ್ಲಿಲ್ಲ. ಬಿಚ್ಚಿಕೊಂಡು ಏನರ ಮಾಡ್ರಿ."

ಅವಳು ಹೋದ ಮೇಲೆ ಅನಸವ್ವ ರೆಕ್ಕೆಯನ್ನು ಬೆಳಕಿಗೆ ಹಿಡಿದಳು. ಮುರಿಯದೆ ಉಳಿದ ಭಾಗದಲ್ಲಿಯೂ ಏನೋ ಸರಿಯಿರಲಿಲ್ಲ. ಬುಡದ ಪಕ್ಕೆಲುಬನ್ನು ಹಲಗೆಗೆ ಒತ್ತಿ ಹಿಡಿದರೆ ಮುಂದಿನ ಪಕ್ಕೆಲುಬುಗಳು ಒಂದಕ್ಕಿಂತ ಒಂದು ಹಿಂದಿನ ಬದಿಗೆ ಮೇಲೆದ್ದಿದ್ದವು; ಹಿಂಡಿದ ಪಂಜೆಯ ಹಾಗೆ ರೆಕ್ಕೆ ಸಣ್ಣಗೆ ತಿರುಚಿಕೊಂಡಿತ್ತು. ಬಿದ್ದದ್ದರಿಂದ ಕಟ್ಟಿಗೆ ಮುರಿಯುತ್ತದೆ, ತಿರುಚುವುದಿಲ್ಲ. ಅವಳು ಮೇಲಿನ ಬಟ್ಟೆಯ ಅಂಚಿನಿಂದ ಒಂದು ಉದ್ದೆಳೆ ಎಳೆದು ಬೆರಳಲ್ಲಿ ಹೊಸೆದಳು. ಹಾಸಿನ ಎಳೆ, ಗಂಜಿ ಉಂಡು ದುಂಡಾದದ್ದು. ಕೆಳಗಿನ ಬಟ್ಟೆಯಿಂದ ಒಂದು ಉದ್ದೆಳೆ ಎಳೆದಳು. ಚಪ್ಪಟೆ, ಮೆತ್ತಗೆ. ಹೊಕ್ಕಿನ ಎಳೆ.

ತಾನು ಅಡ್ಡ ಕತ್ತರಿಸಿದ ತುಂಡು.

ಅನುಮಾನದ ಮೇಲೆ ಮಾತಾಡುವ ಹೆಂಗಸಲ್ಲ ಅವಳು. ಕತ್ತರಿಸಿ ಉಳಿದಿದ್ದ ಚೂರುಗಳನ್ನು ಪೆಟ್ಟಿಗೆಯಿಂದ ತೆಗೆದು, ಹಾಸಿನುದ್ದ ಒಂದು, ಹೊಕ್ಕಿನುದ್ದ ಒಂದು, ಒಂದು ಗೇಣಿನ ಎರಡು ಪಟ್ಟಿ ಕತ್ತರಿಸಿದಳು. ವಿಜಯನ ಮನೆಯಿಂದ ಒಂದು ಬಟ್ಟಲು ಲ್ಯಾಕರ್ ತರಿಸಿ, ಎರಡನ್ನೂ ಒದ್ದೆ ಮಾಡಿ ಒಣಗಿಸಿ, ಅವನು ಬಳಿದ ಹಾಗೆಯೇ ಮೂರು ಕೈ ಬಳಿದಳು. ಎರಡು ದಿನ ಬಿಟ್ಟು ಪಕ್ಕಪಕ್ಕ ಇಟ್ಟಳು. ಹೊಕ್ಕಿನ ಪಟ್ಟಿ ಇದ್ದಷ್ಟೇ ಇತ್ತು. ಹಾಸಿನ ಪಟ್ಟಿ ಎರಡು ಜೋಳದ ಕಾಳಿನಷ್ಟು ಗಿಡ್ಡಾಗಿತ್ತು. ಮಗ್ಗದ ಮೇಲೆ ತಿಂಗಳುಗಟ್ಟಲೆ ಬಿಗಿದು ನಿಂತ ಎಳೆ ನೀರು ತಾಕಿದಾಗ ಹಿಂದಕ್ಕೆ ಸರಿಯುತ್ತದೆ. ಹದಿನಾರನೆಯ ವಯಸ್ಸಿಗೆ ಅತ್ತೆಯಿಂದ ಕಲಿತ ಮಾತು. ಬಲ ರೆಕ್ಕೆಯಲ್ಲಿ ಮೇಲೂ ಕೆಳಗೂ ಸಮನಾಗಿ ಎಳೆದಿದೆ. ಎಡ ರೆಕ್ಕೆಯಲ್ಲಿ ಮೇಲಿನದು ಎಳೆದಿದೆ, ಕೆಳಗಿನದು ಬಿಟ್ಟುಕೊಟ್ಟಿದೆ.

ಅವತ್ತೇ ಸಂಜೆ ಎರಡು ಪಟ್ಟಿ ಸೆರಗಿನಲ್ಲಿ ಕಟ್ಟಿಕೊಂಡು, ಮುರಿದ ರೆಕ್ಕೆಯನ್ನು ಕಂಕುಳಲ್ಲಿಟ್ಟುಕೊಂಡು ಹೋದಳು. ವಿಜಯ ಅಂಗಡಿಯಿಂದ ಬಂದು ಚಹಾ ಕುಡಿಯುತ್ತಿದ್ದ. ಮಂಚ ಖಾಲಿ ಇತ್ತು; ವಿಮಾನದ ಒಡಲೂ ಬಲ ರೆಕ್ಕೆಯೂ ಅಟ್ಟ ಸೇರಿದ್ದವು.

"ವಿಜಯ, ವಿಮಾನ ಕೆಡವಿದಾಕಿ ನಾನು," ಅಂದಳು ನಿಂತುಕೊಂಡೇ.

"ನನ್ನ ಸಮಾಧಾನಕ್ಕ ಹಂಗ ಅನಬ್ಯಾಡ್ರಿ ಆಯಿ."

"ಸಮಾಧಾನ ಹೇಳಾಕ ನನಗ ಎಲ್ಲಿ ಪುರಸೊತ್ತು? ಮಗ್ಗದ ಮ್ಯಾಲ ಅರ್ಧಾ ಸೀರಿ ಬಿಟ್ಟು ಬಂದೇನಿ. ಇದನ್ನ ನೋಡು."

ಪಟ್ಟಿಗಳನ್ನು ಅವನ ಮುಂದೆ ಚಾಪೆಯ ಮೇಲೆ ಇಟ್ಟಳು. ಎಲ್ಲವನ್ನೂ ಹೇಳಿದಳು: ಐದು ಗೇಣಿನ ತುಂಡು, ಸಾಲದ ಉದ್ದ, ಮಾಡದಲ್ಲಿದ್ದ ಗಜ, ಅಡ್ಡ ಕತ್ತರಿಸಿದ್ದು. ಏನನ್ನೂ ಸಣ್ಣದು ಮಾಡಿ ಹೇಳಲಿಲ್ಲ. ವಿಜಯ ಪಟ್ಟಿಗಳನ್ನು ಎತ್ತಿ, ತುದಿಗೆ ತುದಿ ಕೂಡಿಸಿ ನೋಡಿದ. ಅವನ ಮುಖದಲ್ಲಿ ಸಿಟ್ಟು ಬರಬಹುದೆಂದು ಅವಳು ಕಾದಳು. ಬರಲಿಲ್ಲ.

"ರೆಕ್ಕಿ ತಿರುವಿದ್ದು ನನಗ ಕಂಡಿತ್ತರಿ," ಅಂದ ಕಡೆಗೆ.

"ಯಾವಾಗ?"

"ಮೂರನೇ ಕೈ ಹಚ್ಚಿದ ದಿನ. ನೀವು ಇಲ್ಲೇ ಕುಂತಿದ್ರಿ."

"ಕಂಡಿದ್ರ ಯಾಕ ಬಾಯಿ ಬಿಡ್ಲಿಲ್ಲ?"

"ರೆಕ್ಕಿ ಸುದ್ದ ಇರಬೇಕು, ನನ್ನ ಕಣ್ಣ ಸೊಟ್ಟ ನೋಡಾಕತ್ತೇತಿ ಅಂದ್ಕೊಂಡೆ. ಯಾರ್ನರ ಕೇಳಿದ್ರ, ನೆಟ್ಟಗ ಐತೆಲ್ಲ, ನಿನಗ ಕಾಣವಲ್ತೇನು ಅಂತಾರಂತ ಕೇಳ್ಲಿಲ್ಲ."

ಅನಸವ್ವ ಚಾಪೆಯ ಮೇಲೆ ಕೂತಳು. ಮೊಣಕಾಲು ಸರಿಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ಬಡಿಗ್ಯಾರು ಹಲಿಗಿ ನೆಟ್ಟಗ ಐತೋ ಇಲ್ಲೋ ಹೆಂಗ ನೋಡ್ತಾರ?"

"ತುದಿ ಹಿಡದು, ಹಿಂಗ..." ಎಂದು ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದ.

"ಒಂದು ಕಣ್ಣು ಮುಚ್ಚತಾರ," ಅಂದಳು ಅನಸವ್ವ. "ಎರಡೂ ಇದ್ದಾವ್ರೂ ಒಂದು ಮುಚ್ಚತಾರ. ನಿನಗ ಆ ತ್ರಾಸೂ ಇಲ್ಲ."

ಉಜ್ವಲಾ ಒಳಗಿನಿಂದ ನಕ್ಕಳು. ನಗುತ್ತಲೇ ಹೊರಗೆ ಬಂದು, "ಮೂರು ವರ್ಷ ಬಾಯಿ ನೋಯೂತನಕ ಹೇಳೀನ್ರಿ ಆಯಿ, ಇದೊಂದು ಮಾತ ನನಗ ಹೊಳೀಲಿಲ್ಲ ನೋಡ್ರಿ," ಅಂದಳು.

ವಿಜಯ ನಗಲಿಲ್ಲ. ಆದರೆ ಚಹಾದ ಬಟ್ಟಲು ಪಕ್ಕಕ್ಕಿಟ್ಟ. "ನೆಟ್ಟಗ ನೋಡಾಕ ಒಂದು ಸಾಕು ಖರೆ. ದೂರ ಅಳ್ಯಾಕ ಎರಡು ಬೇಕ್ರಿ."

"ಅದು ನನಗ ಗೊತ್ತಿಲ್ಲ. ನನಗ ಗೊತ್ತಿದ್ದದ್ದು ನಾ ಹೇಳಿದೆ. ಬಟ್ಟಿ ನಾ ಕೊಡ್ತೇನಿ. ಕಟ್ಟಿಗಿ ನೀ ನೋಡ್ಕೋ."

ಮೊದಲು ಮಗ್ಗದ ಮೇಲಿದ್ದ ಸೀರೆ ಮುಗಿಯಬೇಕಿತ್ತು, ಆರು ದಿನ. ಹೊಸ ಹಾಸು ಹೂಡಿ, ಗಂಜಿ ಕೊಟ್ಟು, ಎಳೆಗೆ ಎಳೆ ಗಂಟು ಹಾಕಿ ಏರಿಸಲು ಮತ್ತೆ ಐದು ದಿನ. ಮೊದಲ ಗಜ ಬನಶಂಕರಿಗೆ ತೆಗೆದಿಟ್ಟು, ಅದರ ಮುಂದೆ ಎರಡು ಗಜ ನೇಯ್ದಳು. ಲಾಳಿ ಎಸೆದ ಪ್ರತಿ ಸಲ ಹೊಕ್ಕು ಕೂಡಿಸುವ ಹಲಗೆಯನ್ನು ಒಂದೇ ಬಿಗಿಯಲ್ಲಿ ಬಡಿದಳು. ಕೈ ದಣಿದು ಬಿಗಿ ತಪ್ಪುತ್ತಿದೆ ಅನಿಸಿದರೆ ಎದ್ದು ನೀರು ಕುಡಿದು ಬಂದು ಕೂಡುತ್ತಿದ್ದಳು. ಓಣಿಯ ಮಂದಿ, ಇಷ್ಟು ನಿಗಾ ಯಾವ ಮದುಮಗಳಿಗೆ ಎಂದು ಕೇಳಿದರು. ಈ ಸಲ ನಾಲ್ಕೂ ತುಂಡು ಹಾಸಿನುದ್ದಕ್ಕೆ ಬಂದವು. ಉಳಿದ ಬಟ್ಟೆಯಲ್ಲಿ ಇನ್ನೆರಡು ಬರುತ್ತಿದ್ದವು.

ಅಷ್ಟರಲ್ಲಿ ವಿಜಯ ಎರಡೂ ರೆಕ್ಕೆಯ ಹಳೆಯ ಬಟ್ಟೆ ಕಿತ್ತು, ಎಡ ರೆಕ್ಕೆಯ ತುದಿಗೆ ಹೊಸ ಪಕ್ಕೆಲುಬು ಕೂಡಿಸಿದ್ದ. ಬಟ್ಟೆ ಹೊದಿಸುವಾಗ ಅನಸವ್ವ ಪಕ್ಕದಲ್ಲಿ ಕೂತು ಪ್ರತಿ ತುಂಡಿನ ಅಂಚಿನಿಂದ ಒಂದು ಎಳೆ ಎಳೆದು, ಬೆರಳಲ್ಲಿ ಹೊಸೆದು, "ಹಾಸು. ಹಚ್ಚು," ಎಂದು ಹೇಳಿಯೇ ಕೊಟ್ಟಳು. ಲ್ಯಾಕರ್ ಆರುವ ತನಕ ರೆಕ್ಕೆಗಳನ್ನು ಸಪಾಟು ಹಲಗೆಗೆ ಬಿಗಿದಿಟ್ಟರು. ಬಿಚ್ಚಿದ ದಿನ ವಿಜಯ ಎರಡನ್ನೂ ತುದಿಯಿಂದ ನೋಡಿ, "ಎಡದ್ದು ನೆಟ್ಟಗೈತಿ. ಬಲದ್ದು ನೆಟ್ಟಗೈತಿ," ಅಂದ. ಯಾರನ್ನೂ ಕೇಳಲಿಲ್ಲ.

ಉಗಾದಿಗೆ ಹನ್ನೆರಡು ದಿನ ಇತ್ತು. ಮತ್ತೆ ಅದೇ ಹೊಲ, ಅದೇ ಗಟ್ಟಿ ನೆಲದ ಪಟ್ಟಿ. ಕೂಳೆಯಲ್ಲಿ ಕಬ್ಬಿನ ಚಿಗುರು ಮೊಣಕಾಲೆತ್ತರ ಬಂದಿತ್ತು. ಗುರುಸಿದ್ದನನ್ನು ಕರೆದಿರಲಿಲ್ಲ, ಸುದ್ದಿ ಕೇಳಿ ತಾನೇ ಬಂದ. ಬೈಕು ನಿಲ್ಲಿಸಿ ದೂರದಲ್ಲೇ ನಿಂತ, ಈ ಸಲ ನಗೆಚಾಟಿಕೆ ಮಾಡಲಿಲ್ಲ. ಸೂರ್ಯ ಇವರ ಬೆನ್ನ ಹಿಂದೆ, ಮೂರು ಆಳೆತ್ತರ ಏರಿದ್ದ.

ವಿಮಾನ ಓಡಿತು, ಎದ್ದಿತು. ಅನಸವ್ವ ಎಡ ರೆಕ್ಕೆಯೊಂದನ್ನೇ ನೋಡಿದಳು. ಅದು ವಾಲಲಿಲ್ಲ. ಯಾರೋ ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಏರಿತು. ಬೇವಿನ ಮರದ ಮೇಲೆ ತಿರುಗಿ, ಇವರ ಮುಂದಿನಿಂದ ಹಾದು, ಮತ್ತೆ ತಿರುಗಿ ಬಂತು. ರಿಮೋಟಿನ ಮೇಲೆ ವಿಜಯನ ಹೆಬ್ಬೆರಳುಗಳು ಕಣ್ಣಿಗೆ ಕಾಣುವಷ್ಟೂ ಆಡುತ್ತಿರಲಿಲ್ಲ.

"ಹೊಡಸ್ತೇನಿ," ಅಂದ.

ವಿಮಾನ ಹೋಗುತ್ತಲೇ ಅಡ್ಡಕ್ಕೆ ಸುತ್ತಿತು, ನೂಲು ಸುತ್ತುವ ಕಂಡಿಕೆ ತಿರುಗಿದ ಹಾಗೆ ಪೂರಾ ಒಂದು ಸುತ್ತು, ಮತ್ತೆ ನೆಟ್ಟಗೆ. ಆಮೇಲೆ ಮುಗಿಲಿಗೆ ಮುಖ ಮಾಡಿ ಏರಿ, ಬೆನ್ನ ಮೇಲೆ ಮಗುಚಿ, ದೊಡ್ಡ ಬಳೆಯ ಹಾಗೆ ಸುತ್ತು ಹಾಕಿ ಬಂತು. ಉಜ್ವಲಾ ಬಾಯಿಗೆ ಸೆರಗು ಹಿಡಿದಿದ್ದಳು. ಮೂರನೆಯ ಸಲ ಅರ್ಧ ಸುತ್ತಿ ತಲೆಕೆಳಗಾಗಿಯೇ ಹೊರಟಿತು. ತಲೆಕೆಳಗಾಗಿಯೇ ದೂರ ಹೋಗಿ ತಿರುಗಿತು. ಅಲ್ಲಿ ಏನೋ ತಪ್ಪಿತು. ಕೆಂಪು ಚುಕ್ಕೆಯೊಂದು ಚಿಮ್ಮಡದ ಕಡೆಯ ಮುಗಿಲಲ್ಲಿ ಇಳಿಯುತ್ತ ಹೋಗುತ್ತಿತ್ತು, ವಿಜಯನ ಹೆಬ್ಬೆರಳುಗಳು ನಿಂತೇ ಬಿಟ್ಟಿದ್ದವು. ಅನಸವ್ವ ಅವನ ಮುಖ ನೋಡಿದಳು. ಒಂದೇ ಕಣ್ಣು, ರೆಪ್ಪೆ ಬಡಿಯದೆ ಅಗಲವಾಗಿ ತೆರೆದಿತ್ತು. ಒಂದು, ಎರಡು ಎಂದು ಎಣಿಸಿದಳು. ಮೂರಕ್ಕೆ ಅವನು ಬಲಗೈ ಬೆರಳನ್ನು ತುಸು ಒತ್ತಿ ನೋಡಿದ. ಚುಕ್ಕೆ ಯಾವ ಕಡೆ ಸರಿಯಿತೋ ಅದನ್ನು ಕಂಡು, ಕೂಡಲೇ ಅದರ ವಿರುದ್ಧ ಎಳೆದ. ವಿಮಾನ ಬೇಲಿಯ ಗಿಡಗಳ ತುಸುವೇ ಮೇಲೆ ಮಗುಚಿ ನೆಟ್ಟಗಾಗಿ ಏರಿತು.

"ಇಳಸ್ತೇನಿ," ಅಂದ.

ಎಲ್ಲರೂ ಅಂಜಿದ್ದು ಇದಕ್ಕೇ. ವಿಮಾನ ಹೊಲದ ಆಚೆ ತುದಿಯಿಂದ ತಗ್ಗಿ ಬಂತು. ವಿಜಯ ಅದನ್ನು ನೋಡದೆ ನೆಲ ನೋಡುತ್ತಿದ್ದಾನೆಂದು ಅನಸವ್ವನಿಗೆ ಗಾಬರಿಯಾಯಿತು. ಆಮೇಲೆ ಅವಳಿಗೂ ಕಂಡಿತು. ಗಟ್ಟಿ ನೆಲದ ಮೇಲೆ ವಿಮಾನದ ನೆರಳು ಓಡಿ ಬರುತ್ತಿತ್ತು. ವಿಮಾನ ಇಳಿದಷ್ಟೂ ನೆರಳು ಅದರ ಹತ್ತಿರಕ್ಕೆ ಸರಿಯುತ್ತಿತ್ತು. ಆಳುದ್ದ ದೂರ, ಮೊಳದ ದೂರ, ಗೇಣಿನ ದೂರ. ನೆರಳೂ ಗಾಲಿಯೂ ಕೂಡುವ ಹೊತ್ತಿಗೆ ಸರಿಯಾಗಿ ಅವನು ಪಂಕ ನಿಲ್ಲಿಸಿದ. ವಿಮಾನ ಒಂದು ಸಲ ಪುಟಿದು, ಉರುಳುತ್ತ ಬಂದು, ಅವನಿಂದ ಎಂಟು ಹೆಜ್ಜೆ ಆಚೆ ನಿಂತಿತು. ಇಡಿಯಾಗಿ.

ಉಜ್ವಲಾ ಕೂಗಿದಳು. ಗುರುಸಿದ್ದ ಓಡಿ ಬಂದು ವಿಜಯನ ಬೆನ್ನಿಗೆ ಬಾರಿಸಿದ.

"ಹೆಂಗ ತಿಳೀತಲೇ ನೆಲ ಎಲ್ಲೈತಿ ಅಂತ?"

"ಕಣ್ಣು ದೂರ ಹೇಳೂದಿಲ್ಲರಿ. ನೆರಳು ಹೇಳ್ತು. ಮಗ್ಗಕ್ಕೂ ಪಕ್ಕಕ್ಕ ಒಂದೊಂದು ದೀಪ ಹಚ್ಚಿ ಕೊಡ್ರಿ. ಕೈ ನೆರಳು ಕಂಡ್ರ ಕೈ ಎಲ್ಲೈತಿ ತಿಳಿತೈತಿ."

"ಇಪ್ಪತ್ನಾಲ್ಕು ದೀಪ ಹಚ್ಚತೇನಿ. ಉಗಾದಿ ತನಕ ಯಾಕ? ಸೋಮವಾರ ಬಾ."

"ಸೋಮವಾರ ಬರ್ತೇನ್ರಿ," ಅಂದ ವಿಜಯ.

ಅವನು ವಿಮಾನದ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. ಬ್ಯಾಟರಿ ಬಿಚ್ಚಿದ. ಅದನ್ನು ಮಗುಚಿ ಕೆಳಬದಿಯನ್ನು ನೋಡಿದ, ಮತ್ತೆ ಮಗುಚಿ ಮೇಲುಬದಿಯನ್ನು ನೋಡಿದ. ಎರಡೂ ಒಂದೇ ಕೆಂಪು. ಅನಸವ್ವ ನಿಧಾನಕ್ಕೆ ನಡೆದು ಬಂದು ಪಕ್ಕದಲ್ಲಿ ನಿಂತಳು. ಗುರುಸಿದ್ದನೂ ಉಜ್ವಲಾಳೂ ಹಿಂದೆಯೇ ಇದ್ದರು. ವಿಜಯ ಅವರಿಗೂ ಕೇಳುವ ಹಾಗೆಯೇ ಮಾತಾಡಿದ.

"ತಲಿಕೆಳಗ ಹೋದಾಗ ಮೂರು ಎಣಿಸೂತನಕ ನನಗ ಏನೂ ತಿಳೀಲಿಲ್ಲರಿ ಆಯಿ. ಹೊಟ್ಟಿ ಯಾವುದು, ಬೆನ್ನು ಯಾವುದು ಗುರ್ತು ಹತ್ತಲಿಲ್ಲ. ಕೆಳಗಿನ ಎರಡೂ ತುಂಡು ಬಿಚ್ಚಿ, ಹಳದಿ ಹಚ್ಚಿದ್ರ ಕಾಣ್ತೈತಿ. ಹಾಸಿನುದ್ದ ಎರಡು ತುಂಡು ಹಳದಿ ನೇದ ಕೊಡ್ತೀರೇನ್ರಿ?"